ಅದು ನಾವಲ್ಲ ಸ್ವಾಮಿ!

1971. ಆಸ್ಟ್ರೇಲಿಯದ ಒಂದು ಥಿಯೇಟರ್. ತೆರೆಯ ಮೇಲೆ ಗಂಡಸರು ಕುಡಿಯುತ್ತಿದ್ದಾರೆ. ಕುಡಿದು ಜೂಜಾಡುತ್ತಾರೆ, ಜೂಜಾಡಿ ಮತ್ತೆ ಕುಡಿಯುತ್ತಾರೆ. ಪ್ರೇಕ್ಷಕರ ನಡುವೆ ಒಬ್ಬ ಮಹಾನುಭಾವ ಎದ್ದು ನಿಂತ. ತೆರೆಯ ಕಡೆ ಬೆರಳು ತೋರಿಸಿ, ‘ಅದು ನಾವಲ್ಲ!’ ಎಂದು ಕೂಗಿದ. ಆ ಸಿನಿಮಾದಲ್ಲೇ ನಟಿಸಿದ್ದ ಜ್ಯಾಕ್ ಥಾಂಪ್ಸನ್ ಅಲ್ಲೇ ಕೂತಿದ್ದರಂತೆ. ಅವರು ಅಷ್ಟೇ ಜೋರಾಗಿ ಕೂಗಿದರು: ‘ಕೂತ್ಕೊಳ್ಳಯ್ಯಾ, ಅದು ನಾವೇ.’

ಥಾಂಪ್ಸನ್ ಆಮೇಲೆ ದೊಡ್ಡ ನಟರಾದರು. ಎದ್ದು ನಿಂತವನಿಗೆ ಮಾತ್ರ ಏನೂ ಸಿಗಲಿಲ್ಲ. ಇದು ಅನ್ಯಾಯ. ಲೋಕದ ಎಲ್ಲ ಪ್ರೇಕ್ಷಕರ ಪರವಾಗಿ ಮಾತಾಡಿದ ಮನುಷ್ಯ ಅವನು. ಒಂದು ಪುತ್ಥಳಿಯಾದರೂ ಬೇಡವೇ? ಬೆರಳು ಮುಂದೆ ಚಾಚಿ ನಿಂತ ಭಂಗಿ. ಬೆರಳು ಯಾವ ದಿಕ್ಕಿಗಾದರೂ ಇರಲಿ, ಅವನ ಕಡೆಗೆ ಮಾತ್ರ ಇರಬಾರದು.

ಸಿನಿಮಾದ ಹೆಸರು ‘ವೇಕ್ ಇನ್ ಫ್ರೈಟ್’. ಸಿಡ್ನಿಯ ಒಂದು ಸಣ್ಣ ಕಂಪನಿ ಅಮೆರಿಕದ ಇನ್ನೊಂದು ಕಂಪನಿಯ ಜೊತೆ ಸೇರಿ ತೆಗೆದದ್ದು. ಜಾನ್ ಗ್ರಾಂಟ್ ಅಂತ ಒಬ್ಬ ಮೇಷ್ಟ್ರು. ಒಣ ಒಳನಾಡಿನಲ್ಲಿ ಪೋಸ್ಟಿಂಗ್. ಊರು ಅಂದರೆ ಒಂದು ಶಾಲೆ, ಒಂದು ಬಾರ್, ನಡುವೆ ರೈಲು ಹಳಿ, ಸುತ್ತ ಕೆಂಪು ಬಯಲು. ಕೆಲಸ ಬಿಟ್ಟು ಹೋಗಬೇಕಾದರೆ ಸರ್ಕಾರಕ್ಕೆ ಸಾವಿರ ಡಾಲರಿನ ಬಾಂಡ್ ತೀರಿಸಬೇಕು. ಕ್ರಿಸ್‌ಮಸ್ ರಜೆಗೆ ಸಿಡ್ನಿಗೆ ಹೊರಟವನು ವಿಮಾನ ಹಿಡಿಯಲು ಬಂಡನ್‌ಯಾಬಾ ಎಂಬ ಗಣಿ ಊರಲ್ಲಿ ಒಂದು ರಾತ್ರಿ ಇಳಿಯುತ್ತಾನೆ. ಅಲ್ಲಿ ‘ಟೂ-ಅಪ್’ ಎಂಬ ಜೂಜು. ಎರಡು ನಾಣ್ಯ ಚಿಮ್ಮಿಸುವುದು, ಎರಡೂ ತಲೆ ಬಿತ್ತಾ ಬಾಲ ಬಿತ್ತಾ ನೋಡುವುದು, ಅಷ್ಟೇ. ಬಾಂಡ್ ಹಣ ಇಲ್ಲೇ ಗೆದ್ದುಬಿಡೋಣ ಎಂದು ನುಗ್ಗಿದ ಮೇಷ್ಟ್ರು ಇದ್ದದ್ದನ್ನೂ ಕಳೆದುಕೊಂಡು ಎದ್ದು ಬರುತ್ತಾನೆ.

ಆಮೇಲೆ ಅವನ ಮೇಲೆ ಯಾರೂ ಚಾಕು ಎತ್ತುವುದಿಲ್ಲ. ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಎಲ್ಲರೂ ಒಳ್ಳೆಯವರೇ. ಎಲ್ಲರೂ ಒಂದು ಬಿಯರ್ ಕೊಡಿಸುತ್ತಾರೆ. ‘ಕುಡಿ ಮಾರಾಯ, ಇದೂ ಮುಗಿಸು, ಇನ್ನೊಂದು ತಗೋ.’ ಸಿನಿಮಾದ ಭಯಾನಕ ಭಾಗ ಇಷ್ಟೇ. ಓದಿದ, ನಾಜೂಕು ಮನುಷ್ಯನೊಬ್ಬ ಎರಡು ಗಂಟೆಯೊಳಗೆ ಬಿಯರ್ ಕುಡಿಕುಡಿದೇ ಮೃಗವಾಗುತ್ತಾನೆ.

ಪ್ರೇಕ್ಷಕ ಮಹಾಶಯರ ಮೊದಲ ತಕರಾರು: ‘ಇದು ಹೊರಗಿನವರು ಮಾಡಿದ ಅವಮಾನ.’ ಇದಕ್ಕೆ ಆಧಾರ ಇಲ್ಲದಿಲ್ಲ. ನಿರ್ದೇಶಕ ಟೆಡ್ ಕೋಚೆಫ್ ಕೆನಡಾದವರು. ಚಿತ್ರಕಥೆ ಬರೆದ ಇವಾನ್ ಜೋನ್ಸ್ ಜಮೈಕಾದಲ್ಲಿ ಹುಟ್ಟಿದವರು. ನಾಯಕನ ಪಾತ್ರ ಮಾಡಿದವರು ಇಂಗ್ಲೆಂಡಿನವರು. ಕುಡುಕ ಡಾಕ್ಟರನ ಪಾತ್ರ ಮಾಡಿದ ಡೊನಾಲ್ಡ್ ಪ್ಲೆಸೆನ್ಸ್ ಕೂಡ ಇಂಗ್ಲೆಂಡಿನವರೇ. ಪರದೇಶಿಗಳೆಲ್ಲ ಸೇರಿ ಬಂಗಾರದಂಥ ದೇಶದ ಮಾನ ಕಳೆದರು ಎಂದು ಹೇಳಲು ಇನ್ನೇನು ಬೇಕು? ಒಂದೇ ಒಂದು ತೊಡಕು. ಸಿನಿಮಾಕ್ಕೆ ಮೂಲವಾದ ಕಾದಂಬರಿ ಬರೆದ ಕೆನೆತ್ ಕುಕ್ ಸಿಡ್ನಿಯಲ್ಲೇ ಹುಟ್ಟಿದವರು. ಪತ್ರಕರ್ತರಾಗಿ ಬ್ರೋಕನ್ ಹಿಲ್ ಎಂಬ ಗಣಿ ಊರಲ್ಲಿ ಕೆಲಸ ಮಾಡಿ, ಆ ಊರನ್ನು ಕಣ್ಣಾರೆ ಕಂಡು, 1961ರಲ್ಲಿ ಪುಸ್ತಕ ತಂದರು. ಹೊರಾಂಗಣ ಚಿತ್ರೀಕರಣ ನಡೆದದ್ದೂ ಅದೇ ಬ್ರೋಕನ್ ಹಿಲ್‌ನಲ್ಲಿ. ಬೆಳ್ಳಿ, ಸೀಸ, ಸತುವಿನ ಊರು. ಸಿಡ್ನಿಯಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಅಂದರೆ ಗುಟ್ಟು ಹೇಳಿದ್ದು ಮನೆಯವನು, ಬೈಸಿಕೊಂಡದ್ದು ಅದನ್ನು ಮೈಕಿನಲ್ಲಿ ಓದಿದವನು.

ಇದೇ ಕೋಚೆಫ್ ಹನ್ನೊಂದು ವರ್ಷದ ನಂತರ ‘ಫಸ್ಟ್ ಬ್ಲಡ್’ ತೆಗೆದರು. ಹೌದು, ರ‍್ಯಾಂಬೋ. ಅಲ್ಲಿ ಬಂದೂಕು, ಬಾಂಬು, ಮೈಕಟ್ಟು ಎಲ್ಲ ಇತ್ತು. ಆಗ ಯಾವ ಪ್ರೇಕ್ಷಕನೂ ಎದ್ದು ‘ಅದು ನಾನಲ್ಲ’ ಎಂದು ಕೂಗಿದ್ದು ವರದಿಯಾಗಿಲ್ಲ. ಎಲ್ಲರೂ ಅದು ತಾನೇ ಎಂದುಕೊಂಡು ಮನೆಗೆ ಹೋಗಿ ತಲೆಗೆ ಪಟ್ಟಿ ಕಟ್ಟಿಕೊಂಡರು.

ನಾನು ಸಿಡ್ನಿಯಲ್ಲಿರುವ ಕನ್ನಡಿಗ. ಆಫೀಸಿನಲ್ಲಿ ಈ ಸಿನಿಮಾದ ಬಗ್ಗೆ ಒಂದು ಸಣ್ಣ ವಿಚಾರಣೆ ನಡೆಸಿದೆ. ಇಲ್ಲೇ ಹುಟ್ಟಿದ ಸಹೋದ್ಯೋಗಿ ಹೇಳಿದ: ‘ಒಳ್ಳೇ ಸಿನಿಮಾ. ಆದರೆ ಅದು ನಾವಲ್ಲ, ಒಳನಾಡಿನವರು.’ ಒಳನಾಡಿನಿಂದ ಬಂದವನನ್ನು ಕೇಳಿದೆ. ‘ಅದು ಗಣಿ ಊರಿನವರ ಕಥೆ. ನಾವು ಕುರಿ ಸಾಕುವವರು.’ ಗಣಿಯಲ್ಲಿ ದುಡಿದ ತಂದೆಯ ಮಗ ಇನ್ನೊಬ್ಬನಿದ್ದ. ‘ಅದು ಹಳೇ ಕಾಲ. ಈಗ ಯಾರೂ ಹಾಗಿಲ್ಲ’ ಎಂದ. ಅಂದದ್ದು ಶುಕ್ರವಾರ ಸಂಜೆ, ಮೂರನೇ ಬಿಯರ್ ನನ್ನ ಕೈಗೆ ತುರುಕುತ್ತಾ. ಹೀಗೆ ಒಬ್ಬೊಬ್ಬರೂ ಜಾರಿಕೊಂಡ ಮೇಲೆ ಸಿನಿಮಾದಲ್ಲಿ ಉಳಿದದ್ದು ನೊಣಗಳು ಮಾತ್ರ. ಸೆಟ್ಟಿನಲ್ಲಿ ಬಿಡುವುದಕ್ಕೆ ಅವನ್ನೂ ಬೇರೆ ಕಡೆ ಸಾಕಿ ತರಿಸಿದ್ದರಂತೆ. ಹಾಗಾಗಿ ಅವಕ್ಕೂ ‘ಅದು ನಾವಲ್ಲ, ನಾವು ಹೊರಗಿನವರು’ ಎನ್ನುವ ಹಕ್ಕಿದೆ.

ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವಲ್ಲ, ಈ ಸಿನಿಮಾದ ಮಟ್ಟಿಗೆ ಅದು ಅಳತೆಪಟ್ಟಿ ಹಿಡಿದಂತೆ ನಿಜವಾಯಿತು. ಆಸ್ಟ್ರೇಲಿಯದಲ್ಲಿ ಜನ ಬರಲಿಲ್ಲ, ಪೆಟ್ಟಿಗೆ ತುಂಬಲಿಲ್ಲ. ಫ್ರಾನ್ಸಿನಲ್ಲಿ ಐದು ತಿಂಗಳು ಓಡಿತು! ಪ್ಯಾರಿಸ್ಸಿನವರಿಗೆ ಏನು ಕಷ್ಟ? ತೆರೆಯ ಮೇಲೆ ಕುಡಿದು ಬಿದ್ದವನು ವೈನ್ ಕುಡಿದಿರಲಿಲ್ಲ. ‘ಆಹಾ, ಮನುಷ್ಯನ ಒಳಗಿನ ಕತ್ತಲೆ’ ಎಂದು ಅವರು ನೆಮ್ಮದಿಯಾಗಿ ತಲೆದೂಗಿದರು. ಅದೇ ಕತ್ತಲೆ ಅವರ ಪಕ್ಕದ ಬೀದಿಯದಾಗಿದ್ದರೆ ಮುನಿಸಿಪಾಲಿಟಿಗೆ ದೂರು ಹೋಗುತ್ತಿತ್ತು.

ಕಾಂಗರೂ ವಿಷಯಕ್ಕೆ ಬರೋಣ. ಸಿನಿಮಾದಲ್ಲಿ ರಾತ್ರಿ ಬೇಟೆಯ ದೃಶ್ಯವಿದೆ. ಅದು ನಟನೆಯಲ್ಲ. ಲೈಸೆನ್ಸ್ ಇದ್ದ ಬೇಟೆಗಾರರು ನಿಜವಾಗಿ ಬೇಟೆಯಾಡುವಾಗ ತೆಗೆದದ್ದು. ನೋಡುವುದು ಕಷ್ಟ. ನನಗೂ ಎರಡು ಸಲ ಕಣ್ಣು ಮುಚ್ಚಬೇಕಾಯಿತು. ಈಗಲೂ ಆ ಹೊತ್ತಿಗೆ ಎದ್ದು ಹೋಗುವವರಿದ್ದಾರೆ, ಅವರನ್ನು ನಾನು ಆಡಿಕೊಳ್ಳುವುದಿಲ್ಲ. ನನಗೆ ಮಜಾ ಅನಿಸುವುದು ಬೇರೆ ಜಾತಿಯವರು. ಎದ್ದು ಹೊರಗೆ ಬಂದು, ಐದಕ್ಕೆ ಎರಡು ಸ್ಟಾರ್ ಕೊಟ್ಟು, ‘ನಮ್ಮ ರಾಷ್ಟ್ರಲಾಂಛನದ ಪ್ರಾಣಿಗೆ ಈ ಗತಿಯೇ’ ಎಂದು ಕಣ್ಣೊರೆಸಿಕೊಂಡು, ಹೋಗುವ ದಾರಿಯಲ್ಲಿ ಸೂಪರ್‌ಮಾರ್ಕೆಟ್ಟಿಗೆ ಹೊಕ್ಕು ಒಂದು ಪ್ಯಾಕೆಟ್ ಕಾಂಗರೂ ಮಾಂಸ ತೆಗೆದುಕೊಳ್ಳುವವರು. ಇಲ್ಲಿ ಅದು ಫ್ರಿಜ್ಜಿನಲ್ಲಿ ಕುರಿಮಾಂಸದ ಪಕ್ಕದಲ್ಲೇ ಇರುತ್ತದೆ. ಕೊಬ್ಬು ಕಡಿಮೆ, ಆರೋಗ್ಯಕ್ಕೆ ಒಳ್ಳೆಯದು ಎಂಬ ಉಪದೇಶ ಬೇರೆ. ಲಾಂಛನದಲ್ಲಿ ಕಾಂಗರೂ ಒಂದು ಕಡೆ, ಎಮು ಹಕ್ಕಿ ಇನ್ನೊಂದು ಕಡೆ. ಎರಡನ್ನೂ ತಿನ್ನುತ್ತಾರೆ. ಸದ್ಯ, ನಡುವಿನ ಗುರಾಣಿ ಲೋಹದ್ದು.

ಇಷ್ಟು ಬೈಗುಳ ತಿಂದ ಸಿನಿಮಾ ಮೆಲ್ಲಗೆ ಮಾಯವಾಯಿತು. ಒಳ್ಳೆಯ ಪ್ರತಿಯೊಂದು ಎಲ್ಲೂ ಸಿಗದ ಸ್ಥಿತಿ. ಸಂಕಲನ ಮಾಡಿದ್ದ ಆಂಥನಿ ಬಕ್ಲಿ ಅದರ ನೆಗೆಟಿವ್ ಹುಡುಕುತ್ತಾ ವರ್ಷಗಟ್ಟಲೆ ಅಲೆದರು. ಕೊನೆಗೆ 2004ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಗೋದಾಮಿನಲ್ಲಿ ಸಿಕ್ಕಿತು. ಡಬ್ಬಗಳಿದ್ದ ಪೆಟ್ಟಿಗೆಯ ಮೇಲೆ ಏನು ಬರೆದಿತ್ತು ಗೊತ್ತೇ? ‘ನಾಶಪಡಿಸಲು’. ಐವತ್ತು ಅರವತ್ತು ವರ್ಷದ ಸಿನಿಮಾ ವಿಮರ್ಶೆಯಲ್ಲಿ ಇಷ್ಟು ಚುಟುಕಾದ, ಇಷ್ಟು ಪ್ರಾಮಾಣಿಕವಾದ ವಿಮರ್ಶೆ ನಾನು ಇನ್ನೊಂದು ಓದಿಲ್ಲ. ಬರೆದ ಗುಮಾಸ್ತ ಸಿನಿಮಾ ನೋಡಿರಲಾರ. ಆದರೆ ನೋಡದೆ ಅಭಿಪ್ರಾಯ ಹೇಳಿದ ಮೊದಲಿಗ ಅವನೇನಲ್ಲ.

2009ರಲ್ಲಿ ತೊಳೆದು ಹೊಳಪು ಕೊಟ್ಟು ಮತ್ತೆ ತೋರಿಸಿದರು. 1971ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿದ್ದ ಸಿನಿಮಾವನ್ನು ಅದೇ ಕಾನ್ ಎರಡನೇ ಸಲ ಕರೆಯಿತು, ಹಳೆಯ ಶ್ರೇಷ್ಠ ಚಿತ್ರಗಳ ಸಾಲಿಗೆ. ಆರಿಸಿದವರು ಅಮೆರಿಕದ ಹೆಸರಾಂತ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುತ್ತಾರಲ್ಲ, ಇಲ್ಲಿ ಎಮ್ಮೆ ಎದ್ದು ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿತು. ಬೈದಿದ್ದವರೆಲ್ಲ ಚೊಂಬು ಹಿಡಿದು ಓಡಿದರು. ‘ನಮ್ಮ ಹೆಮ್ಮೆ, ನಮ್ಮ ಆಸ್ತಿ, ನಮ್ಮ ಮಣ್ಣಿನ ಸಿನಿಮಾ!’ ಈಗ ಇಲ್ಲಿ ಎಪ್ಪತ್ತೈದು ದಾಟಿದ ಯಾವ ಅಜ್ಜನನ್ನು ಕೇಳಿದರೂ ‘ನಾನು ಬಿಡುಗಡೆ ದಿನವೇ ನೋಡಿದ್ದೆ, ಅವತ್ತೇ ಹೇಳಿದ್ದೆ’ ಎನ್ನುತ್ತಾನೆ. ಇವರೆಲ್ಲ ಅವತ್ತು ನೋಡಿದ್ದರೆ ಥಿಯೇಟರು ಖಾಲಿ ಇದ್ದದ್ದು ಹೇಗೆ? ಎದ್ದು ಕೂಗಿದವನು ಈಗ ಬದುಕಿದ್ದರೆ ಅವನೂ ಇದನ್ನೇ ಹೇಳುತ್ತಿದ್ದ, ಬರೆದುಕೊಡುತ್ತೇನೆ.

ಇಷ್ಟೆಲ್ಲ ಆಡಿಕೊಂಡ ಮೇಲೆ ನಮ್ಮವರ ಅಭಿಪ್ರಾಯವನ್ನೂ ಕೇಳಬೇಕಲ್ಲ. ನನ್ನ ಮಾವ ಮೊಮ್ಮಕ್ಕಳನ್ನು ನೋಡಲು ಆರು ತಿಂಗಳಿಗೆ ಬಂದಿದ್ದರು. ಅವರು ನಿವೃತ್ತ ಮೇಷ್ಟ್ರು. ಪಾವಗಡದ ಕಡೆ ಒಂದು ಹಳ್ಳಿಯಲ್ಲಿ ನಾಲ್ಕು ವರ್ಷ ಬಿಸಿಲು ತಿಂದವರು. ಮೇಷ್ಟ್ರ ಕಥೆ, ಬಿಸಿಲ ಕಥೆ, ಇಷ್ಟವಾದೀತು ಎಂದು ಯುಗಾದಿಯ ಭಾನುವಾರ ಊಟದ ಮೊದಲು ಹಾಕಿದೆ. ಇಲ್ಲಿನ ಇಬ್ಬರು ಕನ್ನಡ ಗೆಳೆಯರೂ ಸಂಸಾರ ಸಮೇತ ಬಂದಿದ್ದರು.

ಹತ್ತು ನಿಮಿಷ ಆಗಿರಲಿಲ್ಲ, ಮಾವ ರಿಮೋಟ್ ತೆಗೆದುಕೊಂಡರು. ‘ನಿಮ್ಮ ಟಿವಿ ಕಲರ್ ಸರಿ ಇಲ್ಲ ಕಣ್ರೀ. ಎಲ್ಲಾ ಕೆಂಪಗೆ ಕಾಣ್ತಿದೆ.’ ಬಿಸಿಲಿನ ಧಗೆ ಕಾಣಲಿ ಎಂದು ನಿರ್ದೇಶಕರೇ ನೀಲಿ, ಹಸಿರು ಬಣ್ಣಗಳನ್ನು ದೂರ ಇಟ್ಟಿದ್ದರು ಎಂದೆ. ‘ದುಡ್ಡು ಉಳಿಸಿದ್ದಾನೆ’ ಎಂದು ಸೆಟ್ಟಿಂಗ್‌ನಲ್ಲಿ ಹಸಿರು ಏರಿಸಿದರು. ಮರುಭೂಮಿಗೆ ಸ್ವಲ್ಪ ಮುಂಗಾರು ಬಂತು.

ಮೇಷ್ಟ್ರ ಕಷ್ಟವೂ ಅವರಿಗೆ ಹಿಡಿಸಲಿಲ್ಲ. ‘ಇಷ್ಟಕ್ಕೆಲ್ಲ ಜೂಜಾಡ್ತಾರಾ? ವರ್ಗಾವಣೆಗೆ ಅರ್ಜಿ ಹಾಕ್ಬೇಕಿತ್ತು. ಸಂಘದವರನ್ನ ಹಿಡೀಬೇಕಿತ್ತು. ಪತಿ-ಪತ್ನಿ ಪ್ರಕರಣ ತೋರಿಸಿದ್ರೆ ಒಂದೇ ಕೌನ್ಸೆಲಿಂಗ್‌ನಲ್ಲಿ ಸಿಡ್ನಿ ಸಿಕ್ತಿತ್ತು.’ ಅವನಿಗೆ ಮದುವೆ ಆಗಿಲ್ಲ ಮಾವ ಎಂದೆ. ‘ಮತ್ತೆ! ಅದೇ ತಪ್ಪು.’ ಅಲ್ಲಿಗೆ ಆಸ್ಟ್ರೇಲಿಯದ ಅತ್ಯಂತ ಕರಾಳ ಚಿತ್ರದ ಕಗ್ಗಂಟು ಬಿಡಿಸಿ ಆಯಿತು.

ಗೆಳೆಯರಲ್ಲಿ ಒಬ್ಬ ‘ಇಂಟರ್ವಲ್ ಯಾವಾಗ’ ಎಂದ. ಇನ್ನೊಬ್ಬನದು ಗಂಭೀರ ದೂರು: ‘ಥ್ರಿಲ್ಲರ್ ಅಂದಿದ್ದೆ. ಯಾರು ಯಾರನ್ನ ಕೊಂದ್ರು? ವಿಲನ್ ಎಲ್ಲಿ?’ ಅಷ್ಟು ಹೊತ್ತಿಗೆ ತೆರೆಯ ಮೇಲೆ ನಾಯಕನಿಗೆ ತಲೆ ಕೆಟ್ಟಿತ್ತು. ನಿಮ್ಮ ಮನೆಗೆ ಬೆಂಕಿ ಇಟ್ಟರೂ ನಡೆಯುತ್ತದೆ, ನಿಮ್ಮ ಜೊತೆ ಒಂದು ಗ್ಲಾಸ್ ಕುಡಿಯಲ್ಲ ಅಂದರೆ ಮಾತ್ರ ಮಹಾಪರಾಧ ಎಂದು ಅವನು ರೇಗುತ್ತಿದ್ದ. ಮಾವ ಬೇಸರದಿಂದ ತಲೆ ಅಲ್ಲಾಡಿಸಿದರು. ‘ಛೆ, ಎಂಥಾ ಜನ! ಬೇಡ ಅಂದ್ರೂ ಬಿಡಲ್ವಲ್ಲ. ನಮ್ಮಲ್ಲಿ ಹೀಗಿಲ್ಲಪ್ಪ.’

ಆಗ ಅಡುಗೆಮನೆಯಿಂದ ಕರೆ ಬಂತು. ಊಟಕ್ಕೆ ಕೂತೆವು.

ಎರಡು ಹೋಳಿಗೆ ತಿಂದ ಗೆಳೆಯ ಸಾಕು ಎಂದ. ಮಾವನ ಮುಖ ಸಣ್ಣಗಾಯಿತು. ‘ಸಾಕಾ? ಈ ವಯಸ್ಸಿಗೆ? ನಮ್ಮ ಹುಡುಗಿ ಮಾಡಿದ್ದು ಚೆನ್ನಾಗಿಲ್ವಾ?’ ಮೂರನೆಯದು ಬಿತ್ತು. ಅದರ ಮೇಲೆ ತುಪ್ಪ ಬಿತ್ತು. ಗೆಳೆಯ ಎರಡೂ ಕೈ ತಟ್ಟೆಯ ಮೇಲೆ ಅಡ್ಡ ಹಿಡಿದ. ಮಾವ ಬೆರಳುಗಳ ಸಂದಿಯಲ್ಲಿ ನಾಲ್ಕನೆಯದರ ಅರ್ಧ ತೂರಿಸಿದರು. ‘ಸಕ್ಕರೆ ಕಾಯಿಲೆ ಅಂಕಲ್’ ಎಂದ. ‘ಹಬ್ಬದ ದಿನ ಏನೂ ಆಗಲ್ಲ, ನನಗೂ ಇದೆ’ ಎಂದರು. ಟಿವಿಯಲ್ಲಿ ನಿಲ್ಲಿಸಿದ್ದ ಸಿನಿಮಾದಲ್ಲಿ ಒಬ್ಬ ಗಣಿ ಕೆಲಸಗಾರ ಬಿಯರ್ ಗ್ಲಾಸು ಮುಂದೆ ಚಾಚಿ ಹಾಗೇ ನಿಂತಿದ್ದ, ಮೈಯೆಲ್ಲ ಹಸಿರಾಗಿ.

ನಾನು ಒಮ್ಮೆ ಟಿವಿಯನ್ನು ನೋಡಿದೆ, ಒಮ್ಮೆ ಮಾವನ ಕೈಯಲ್ಲಿದ್ದ ಹೋಳಿಗೆಯನ್ನು. ಬಾಯಿ ತೆರೆಯಲಿಲ್ಲ. ಆದರೂ ಮಾವನಿಗೆ ಗೊತ್ತಾಯಿತು. ಎಷ್ಟಾದರೂ ಮೇಷ್ಟ್ರು, ಹಿಂದಿನ ಬೆಂಚಿನಲ್ಲಿ ನಕ್ಕರೂ ಗೊತ್ತಾಗುತ್ತದೆ. ಹೋಳಿಗೆ ಹಿಡಿದೇ ಎದ್ದು ನಿಂತು, ಟಿವಿಯ ಕಡೆ ತೋರಿಸಿ, ‘ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ಹೆಂಡ, ಇದು ಹೋಳಿಗೆ. ಅದು ನಾವಲ್ಲ’ ಎಂದರು.

ನನ್ನ ಹೆಂಡತಿ ತುಪ್ಪದ ಬಟ್ಟಲು ಕೆಳಗಿಟ್ಟಳು.

‘ಅಪ್ಪಾ, ಕೂತ್ಕೊ.’