ಇಪ್ಪತ್ತನಾಲ್ಕನೇ ಒಂದು ಭಾಗದ ಪೋರ್ಷೆ, ಪೂರ್ತಿ ಗಾತ್ರದ ಸೊಳ್ಳೆ

ಜಪಾನಿನ ಚಿಬಾದಲ್ಲಿ ಅಕಿರಾ ನಕಾಯ್ ಅಂತ ಒಬ್ಬರಿದ್ದಾರೆ. ಪೋರ್ಷೆ 911 ಕಾರುಗಳನ್ನು ಗರಗಸ ಹಿಡಿದು ಕೊಯ್ಯುವುದು ಅವರ ಕಸುಬು. ಚಕ್ರದ ಮೇಲಿನ ತಗಡು ಕತ್ತರಿಸಿ ತೆಗೆಯುತ್ತಾರೆ. ಆ ಜಾಗಕ್ಕೆ ಅಗಲವಾದ ಫೆಂಡರ್ ಕೂರಿಸಿ ಬಿಗಿಯುತ್ತಾರೆ. ಕಂಪನಿಯ ಹೆಸರು ರೌ-ವೆಲ್ಟ್ ಬೆಗ್ರಿಫ್, ಅಭಿಮಾನಿಗಳ ಬಾಯಲ್ಲಿ ಆರ್‌ಡಬ್ಲ್ಯುಬಿ. ಕಾರು ಅವರ ಹತ್ತಿರ ಹೋಗಬೇಕು ಅಂತಿಲ್ಲ, ಅವರೇ ವಿಮಾನ ಹತ್ತಿ ಕಾರಿದ್ದಲ್ಲಿಗೆ ಬರುತ್ತಾರೆ. ಬಾಯಲ್ಲಿ ಸಿಗರೇಟು, ಅಳತೆ ಹೆಚ್ಚಾಗಿ ಕಣ್ಣಂದಾಜು. ಅಷ್ಟು ದುಬಾರಿ ಕಾರಿನ ಮೈಗೆ ಗರಗಸ ಇಡುವಾಗ ಆ ಮನುಷ್ಯನ ಕೈ ನಡುಗುವುದಿಲ್ಲ.

ನನ್ನ ಕೈ ನಡುಗುತ್ತದೆ. ನಾನು ಕೊಯ್ಯುವುದು ಪ್ಲಾಸ್ಟಿಕ್ಕು.

ಅದೇ ಥರದ ಕಾರು ನನಗೂ ಬೇಕು ಅನ್ನಿಸಿತ್ತು. ನಿಜವಾದದ್ದಕ್ಕೆ ದುಡ್ಡಿಲ್ಲ ಅನ್ನುವುದು ಮೊದಲನೇ ತೊಂದರೆ. ದುಡ್ಡಿದ್ದರೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ರೂಪ ಬದಲಿಸುವ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟು ಕೂಡ ಹೇಳಿಬಿಟ್ಟಿದೆ. ಪೊಲೀಸರು ಹಿಡಿದ ಸೈಲೆನ್ಸರುಗಳನ್ನು ರಸ್ತೆ ಮೇಲೆ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ಫೋಟೊ ಪೇಪರಿನಲ್ಲಿ ನೀವೂ ನೋಡಿರುತ್ತೀರಿ. ಹದಿನೆಂಟು ಸೆಂಟಿಮೀಟರ್ ಉದ್ದದ ಪೋರ್ಷೆಗೆ ಮಾತ್ರ ಯಾವ ಆರ್‌ಟಿಓ ಕೂಡ ನೋಟಿಸ್ ಕೊಡಲಾರ.

ಹಾಗಾಗಿ ಪ್ಲಾಸ್ಟಿಕ್ ಮಾದರಿಗಳನ್ನು ಮಾಡುವ ಜಪಾನಿನ ತಮಿಯಾ ಕಂಪನಿಯಿಂದ, ಬಿಡಿ ತುಂಡುಗಳನ್ನು ಅಂಟಿಸಿ 1988ರ ಪೋರ್ಷೆ 911 ಟರ್ಬೊ ಕಟ್ಟುವ ಕಿಟ್ ತರಿಸಿದೆ. ಅಳತೆ ಇಪ್ಪತ್ತನಾಲ್ಕನೇ ಒಂದು ಭಾಗ. ಈ ತಮಿಯಾದವರೂ ಸಾಮಾನ್ಯ ಜನ ಅಲ್ಲ. ಎಪ್ಪತ್ತರ ದಶಕದಲ್ಲಿ ಪೋರ್ಷೆ 934 ಮಾದರಿ ಮಾಡುವಾಗ, ಒಳಗೆ ಏನೇನಿದೆ ತಿಳಿಯಲಿ ಅಂತ ನಿಜವಾದ 911 ಒಂದನ್ನು ಕೊಂಡು ಪೂರ್ತಿ ಬಿಚ್ಚಿ ಹಾಕಿದ್ದರಂತೆ. ಇದನ್ನು ನಮ್ಮ ಮನೆಯವಳಿಗೆ ಬಹಳ ಉತ್ಸಾಹದಿಂದ ಹೇಳಿದೆ. "ಅವರ ಮನೇಲಿ ಯಾರೂ ಏನೂ ಅನ್ನಲಿಲ್ವಾ?" ಅಂದಳು.

ಕಿಟ್ಟಿನಲ್ಲಿ ಬರುವುದು ಮಾಮೂಲಿ ಕಾರು. ಅಗಲದ ಫೆಂಡರು, ಹಿಂದಿನ ರೆಕ್ಕೆಯಂಥ ದೊಡ್ಡ ಸ್ಪಾಯ್ಲರು, ಆಳವಾದ ರಿಮ್ಮು ಎಲ್ಲ ರೆಸಿನ್ ಅನ್ನುವ ಅಚ್ಚುಹೊಯ್ದ ಪ್ಲಾಸ್ಟಿಕ್ಕಿನಲ್ಲಿ ಬೇರೆಯಾಗಿ ತರಿಸಬೇಕು. ರೆಸಿನ್ ತುಂಡುಗಳು ಶಿವಮೊಗ್ಗಕ್ಕೆ ಬಂದು ತಲುಪುವಷ್ಟರಲ್ಲಿ ಸೊಟ್ಟಗಾಗಿದ್ದವು. ಇದಕ್ಕೆ ಮದ್ದು ಸುಲಭ: ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕುವುದು. ನೀರು ಕಾಯಿಸಲು ಕೈಗೆ ಸಿಕ್ಕಿದ ಪಾತ್ರೆ ಅಮ್ಮ ಸಾರಿಗೆ ಬೇಳೆ ಬೇಯಿಸುವ ಪಾತ್ರೆ. ಅಮ್ಮ ಬಂದು ಇಣುಕಿ ನೋಡಿದರು.

"ಎಂಥದೋ ಅದು?"

"ಫೆಂಡರ್, ಅಮ್ಮ."

"ಬೆಂದಿದ್ಯಾ?"

ಅಂದಿನಿಂದ ಆ ಪಾತ್ರೆ ನನ್ನ ಹೆಸರಿಗಾಯಿತು. ಅಡುಗೆಮನೆಗೆ ಅದಕ್ಕೆ ಪ್ರವೇಶವಿಲ್ಲ.

ಈ ಹವ್ಯಾಸದ ನಿಜವಾದ ಪೇಚು ಇರುವುದು ಅಳತೆಯಲ್ಲಿ. ಕಾರು ಇಪ್ಪತ್ತನಾಲ್ಕು ಪಟ್ಟು ಚಿಕ್ಕದಾಗುತ್ತದೆ. ಉಳಿದ ಪ್ರಪಂಚ ಇದ್ದ ಹಾಗೇ ಇರುತ್ತದೆ. ನನ್ನ ಹೆಬ್ಬೆರಳು ಎರಡು ಸೆಂಟಿಮೀಟರ್ ಅಗಲ. ಆ ಕಾರಿನ ಲೆಕ್ಕದಲ್ಲಿ ಅದು ನಲವತ್ತೆಂಟು ಸೆಂಟಿಮೀಟರ್, ಅಂದರೆ ಡ್ರೈವರ್ ಸೀಟಿನಷ್ಟು. ಅಷ್ಟು ದಪ್ಪದ ಬೆರಳನ್ನು ಬಾಗಿಲಲ್ಲಿ ತೂರಿಸಿ ಗೇರ್ ಲಿವರ್ ನೆಡಬೇಕು. ನಕಾಯ್ ಕಾರನ್ನು ನೆಲದ ಕಡೆಗೆ ಐದು ಸೆಂಟಿಮೀಟರ್ ಇಳಿಸಿದರೆ ನಾನು ಇಳಿಸಬೇಕಾದ್ದು ಎರಡು ಮಿಲಿಮೀಟರ್. ಅವರ ಎಂಟು ಮಿಲಿಮೀಟರಿನ ಬೋಲ್ಟಿನ ತಲೆ ನನ್ನಲ್ಲಿ ಮಿಲಿಮೀಟರಿನ ಮೂರನೇ ಒಂದು ಭಾಗ. ಅವುಗಳನ್ನು ಸೂಜಿಮೊನೆಯಲ್ಲಿ ಫೆವಿಕಾಲ್ ಚುಕ್ಕಿ ಇಟ್ಟು ಮಾಡುತ್ತೇನೆ. ನೇರ ಸಾಲಿನಲ್ಲಿ ಇಡುತ್ತಾ ಬರುವಾಗ ಯಾರಾದರೂ "ರೀ, ಗ್ಯಾಸ್ ಬುಕ್ ಮಾಡಿದ್ರಾ?" ಅಂದರೆ ಸಾಲು ಅಲ್ಲೇ ಹೊಸನಗರದ ಕಡೆ ತಿರುಗುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ಇನ್ನೂ ಜಾಸ್ತಿ ಫಜೀತಿ. ನಾನು ಆರಿಸಿದ್ದು ಕಪ್ಪು. ಶಿವಮೊಗ್ಗದಲ್ಲಿ ಆಗ ಜುಲೈ. ಲ್ಯಾಕರ್ ಬಣ್ಣಕ್ಕೆ ಒದ್ದೆ ಗಾಳಿ ಆಗಿಬರುವುದಿಲ್ಲ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ನನ್ನ ಕಪ್ಪು ಪೋರ್ಷೆ ವಿಭೂತಿ ಬಳಿದುಕೊಂಡು ಕೂತಿತ್ತು. ಇದಕ್ಕೂ ಒಂದು ಉಪಾಯ ಇದೆ: ಮಳೆ ಬಿಟ್ಟ ದಿನ ನೋಡಿ ಬಣ್ಣ ಹೊಡೆದು, ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬು ತೂಗುಹಾಕಿ ಅದರ ಬೆಚ್ಚಗೆಯಲ್ಲಿ ಒಣಗಿಸುವುದು. ವರಾಂಡದಲ್ಲಿ ಪೆಟ್ಟಿಗೆ ಇಟ್ಟು ಕಾಯುತ್ತಾ ಕೂತಿದ್ದೆ. ಪಕ್ಕದ ಮನೆಯ ಮಾವನವರು ಕಾಂಪೌಂಡಿನ ಮೇಲಿಂದ ನೋಡಿದರು. ಅವರು ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದು ರಿಟೈರ್ ಆದವರು.

"ಏನ್ರೀ, ಕೋಳಿಮರಿ ಮಾಡಿಸ್ತಿದ್ದೀರಾ?"

ಅಲ್ಲ, ಕಾರು ಅಂದೆ. ಕನ್ನಡಕ ಹಾಕಿಕೊಂಡು ಒಳಗೇ ಬಂದರು. ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಇದು ಓಡುತ್ತಾ?" ಓಡಲ್ಲ ಅಂದರೆ ಅವರ ಮುಖದಲ್ಲಿ ನನ್ನ ಬಗ್ಗೆ ಒಂದು ಕನಿಕರ ಮೂಡುತ್ತದೆ. ಮಾವನವರು ಮಾತ್ರ ಹಾಗೆ ಕೇಳಲಿಲ್ಲ. ನೇರ ವಿಷಯಕ್ಕೇ ಬಂದರು.

"ಇಂಜಿನ್ ಎಲ್ಲಿ?"

"ಹಿಂದೆ, ಮಾವ."

"ಹೂಂ, ವೋಲ್ವೊ ಬಸ್ಸಿನ ಥರ. ಎಷ್ಟು ಗೇರು?"

1988ರ ಟರ್ಬೊ ಅಂದರೆ 3.3 ಲೀಟರ್ ಇಂಜಿನ್, 300 ಕುದುರೆ ಬಲ, ಆದರೆ ನಾಲ್ಕೇ ಗೇರು. ಐದನೆಯದು ಬಂದದ್ದು ಮುಂದಿನ ವರ್ಷ. ಇದನ್ನೆಲ್ಲ ಹೆಮ್ಮೆಯಿಂದ ವಿವರಿಸಿದೆ.

"ನಾಲ್ಕೇನಾ?" ಅಂದರು ಮಾವ. "ನಮ್ಮ ಸಾಗರದ ಬಸ್ಸಿಗೇ ಐದಿತ್ತಲ್ರೀ."

ಬಣ್ಣದ ಮೇಲೆ ಹೊಳಪಿಗೆ ಅಂತ ಕ್ಲಿಯರ್ ಕೋಟು ಹೊಡೆದ ರಾತ್ರಿ ಸೊಳ್ಳೆ ಬಂತು. ಇಡೀ ಮನೆಯಲ್ಲಿ ಕೂರಲು ಅಷ್ಟು ಜಾಗವಿದ್ದರೂ ಅದು ಆರಿಸಿಕೊಂಡದ್ದು ಹಸಿ ಬಾನೆಟ್ಟನ್ನು. ಅರ್ಧ ಸೆಂಟಿಮೀಟರಿನ ಸೊಳ್ಳೆ ಅಂದರೆ ಆ ಕಾರಿನ ಲೆಕ್ಕಕ್ಕೆ ಹನ್ನೆರಡು ಸೆಂಟಿಮೀಟರ್. ನಿಜವಾದ ಪೋರ್ಷೆಯ ಮೇಲೆ ಅಷ್ಟು ದೊಡ್ಡದೊಂದು ಸೊಳ್ಳೆ ಅಂಟಿದ್ದರೆ ವನ್ಯಜೀವಿ ಇಲಾಖೆಯವರು ಬರಬೇಕಿತ್ತು. ಒಣಗಲು ಬಿಟ್ಟು, ಎರಡು ಸಾವಿರ ನಂಬರಿನ ಸ್ಯಾಂಡ್‌ಪೇಪರನ್ನು ನೀರಲ್ಲಿ ಅದ್ದಿ ಉಜ್ಜಿದೆ. ಸೊಳ್ಳೆ ಹೋಯಿತು. ಕಾಲುಗಳು ಹೋಗಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಇವತ್ತಿಗೂ ಕಾಣಿಸುತ್ತವೆ. ನೋಡಿದವರಿಗೆ ಅದು ಪಿನ್‌ಸ್ಟ್ರೈಪ್, ಅಲಂಕಾರದ ಸಣ್ಣ ಗೆರೆ ಅಂತ ಹೇಳುತ್ತೇನೆ.

ನೀರಲ್ಲಿ ನೆನೆಸಿ ಅಂಟಿಸುವ ಸ್ಟಿಕ್ಕರುಗಳ ಕಥೆ ಹೇಳಲು ಹೋಗುವುದಿಲ್ಲ. ಫ್ಯಾನು ಹಾಕಿದರೆ ಮಡಚಿಕೊಳ್ಳುತ್ತವೆ, ಆರಿಸಿದರೆ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತದೆ ಅಂದರೆ ಸಾಕು.

ಆಮೇಲೆ ಬಲಗಡೆಯ ಕನ್ನಡಿ ಹಾರಿತು. ಚಿಮಟದ ತುದಿಯಿಂದ ಟಿಣ್ ಅಂತ ಒಂದು ಸದ್ದು, ಅಷ್ಟೇ. ಈ ತುಂಡುಗಳು ಹಾರುವ ದಿಕ್ಕನ್ನು ಯಾವ ಭೌತಶಾಸ್ತ್ರವೂ ಹೇಳಲಾರದು. ಕೆಲಸಕ್ಕೆ ಬರುವ ಅಕ್ಕ ಆಗತಾನೇ ಗುಡಿಸಿ ಮುಗಿಸಿದ್ದರು. ಕಸದ ಮೊರ ತಡಕಿದೆವು. ಮೊಬೈಲಿನ ಟಾರ್ಚನ್ನು ನೆಲಕ್ಕೆ ಅಡ್ಡ ಹಿಡಿದು ಹುಡುಕಿದೆವು. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಮಗಳ ಹಳೇ ಕಾಲುಚೀಲ ಕಟ್ಟಿ ಸೋಫಾದ ಅಡಿ ಎಳೆಸಿದೆವು. ಕಾಲುಚೀಲಕ್ಕೆ ಅಂಟಿಕೊಂಡು ಬಂದದ್ದು ಒಂದು ಕಡಲೆಬೀಜ, ಎರಡು ಚೌಕಾಬಾರದ ಕವಡೆ, ಮತ್ತು ಹೋದ ದೀಪಾವಳಿಯಲ್ಲಿ ಕಳೆದುಹೋಗಿದ್ದ ನಮ್ಮ ಮನೆಯವಳ ಓಲೆಯ ತಿರುಪು. ಚಿನ್ನದ್ದು! ಅವಳಿಗೆ ನನ್ನ ಹವ್ಯಾಸದ ಮೇಲೆ ಗೌರವ ಹುಟ್ಟಿದ್ದು ಅವತ್ತೇ. "ನಾಳೆ ರೂಮಲ್ಲೂ ಒಂದು ತುಂಡು ಬೀಳಿಸಿ ನೋಡಿ" ಅಂದಳು.

ಕನ್ನಡಿ ಸಿಗಲಿಲ್ಲ. ಒಂದು ಹೊಸತಕ್ಕೆ ಪೂರ್ತಿ ಕಿಟ್ಟನ್ನೇ ಕೊಳ್ಳಬೇಕು, ಇಲ್ಲವೇ ಪ್ಲಾಸ್ಟಿಕ್ ತುಂಡಿನಲ್ಲಿ ಕೆತ್ತಬೇಕು. ಕೆತ್ತಿದ್ದೇನೆ. ಸದ್ಯಕ್ಕೆ ಅದು ಕನ್ನಡಿಗಿಂತ ಇಡ್ಲಿಗೆ ಹತ್ತಿರ ಇದೆ.

ಇನ್ನು ಉಳಿದಿರುವುದು ನಾಮಕರಣ. ನಕಾಯ್ ತಾವು ಮಾಡಿದ ಪ್ರತಿ ಕಾರಿಗೂ ಒಂದು ಹೆಸರಿಡುತ್ತಾರೆ. ಅವರ ಸ್ವಂತ ಕಾರಿನ ಹೆಸರು ಸ್ಟೆಲ್ಲಾ ಆರ್ಟ್ವಾ. ಬಿಯರಿನ ಹೆಸರು ಅದು. ಈ ವಿಷಯ ತಿಳಿದ ಮೇಲೆ ಅಮ್ಮ ಎಚ್ಚರವಾದರು. ಕುಲದೇವರ ಹೆಸರೇ ಆಗಬೇಕು ಅಂದರು. ಮಗಳು ಒಂದು ಕೊರಿಯಾದ ಹೆಸರು ಹೇಳಿದಳು, ಅದನ್ನು ಉಚ್ಚರಿಸಲು ನನಗಾಗಲಿಲ್ಲ. ಕೊನೆಗೆ ನಮ್ಮ ಮನೆಯವಳೇ ತೀರ್ಮಾನ ಮಾಡಿದಳು: "ಇಷ್ಟು ತಿಂಗಳಿಂದ ನಾವೆಲ್ಲ ಅದನ್ನ ಒಂದೇ ಹೆಸರಲ್ಲಿ ಕರೀತಿದ್ದೀವಲ್ಲ, 'ಮುಗೀತಾ' ಅಂತ. ಅದನ್ನೇ ಇಡಿ."

ಮುಂದಿನ ಗಾಜಿನ ಮೇಲೆ ಅಂಟಿಸಲು ಆ ಹೆಸರಿನ ಸ್ಟಿಕ್ಕರ್ ಮಾಡಿಸಲು ಹೋದೆ. ಪ್ರಿಂಟಿಂಗ್ ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಮುಂದೆ ಪ್ರಶ್ನೆ ಚಿಹ್ನೆ ಬೇಕಾ ಸಾರ್ ಅಂದ. ಮನೆಗೆ ಫೋನ್ ಹಚ್ಚಿ ಕೇಳಿದೆ.

"ಕನ್ನಡಿ ಸರಿ ಬಂತಾ?" ಅಂದಳು.

"ಇಲ್ಲ."

"ಹಾಗಾದ್ರೆ ಇರ್ಲಿ. ಬರೋವಾಗ ಕೊತ್ತಂಬರಿ ತನ್ನಿ."