ಅಮ್ಮನ ನೆರಿಗೆ, ಹಳದಿ ಚೌಕ ಮತ್ತು ನಾವು ಬರೆಯದ ಅಭಿಪ್ರಾಯ

ಕಳೆದ ವರ್ಷ ಅಮ್ಮ ನಮ್ಮಲ್ಲಿಗೆ ಬಂದಿದ್ದಾಗ, ಇಲ್ಲಿಯೇ ಅಮೆರಿಕದ ಇನ್ನೊಂದು ಊರಿನಲ್ಲಿರುವ ತಂಗಿಯ ಮನೆಗೆ ಇಬ್ಬರೂ ವಿಮಾನದಲ್ಲಿ ಹೊರಟಿದ್ದೆವು. ತಪಾಸಣೆಯ ಸಾಲಿನಲ್ಲಿ ಅಮ್ಮ ನನಗಿಂತ ಮುಂದಿದ್ದಳು. ಗಾಜಿನ ಗೂಡಿನಂತಿರುವ ಸ್ಕ್ಯಾನರಿನೊಳಗೆ ಹೋಗಿ, ನೆಲದ ಮೇಲಿನ ಪಾದದ ಗುರುತಿನ ಮೇಲೆ ನಿಂತು, ಎರಡೂ ಕೈಗಳನ್ನು ತಲೆಯ ಮೇಲೆತ್ತಿದಳು. ಹೊರಗಿದ್ದ ಪರದೆಯಲ್ಲಿ ಬೂದುಬಣ್ಣದ ಒಂದು ಗೊಂಬೆಯ ಆಕೃತಿ ಮೂಡಿತು. ಅದರ ಹೊಟ್ಟೆಯ ಮೇಲೆ ಒಂದು, ಎಡಭುಜದ ಮೇಲೆ ಒಂದು, ತಲೆಯ ಹಿಂಭಾಗದಲ್ಲಿ ಒಂದು, ಹೀಗೆ ಮೂರು ಹಳದಿ ಚೌಕಗಳಿದ್ದವು. ಸೀರೆಯ ನೆರಿಗೆ, ಸೆರಗಿಗೆ ಹಾಕಿದ ಪಿನ್ನು ಮತ್ತು ತುರುಬು ಎಂದು ನನಗೆ ತಕ್ಷಣ ಹೊಳೆಯಿತು, ಯಂತ್ರಕ್ಕೆ ಹೊಳೆಯಲಿಲ್ಲ.

ನೀಲಿ ಕೈಗವಸು ತೊಟ್ಟ ಮಹಿಳಾ ಸಿಬ್ಬಂದಿ ಬಂದು, ತಾನು ಎಲ್ಲೆಲ್ಲಿ ಮುಟ್ಟಿ ನೋಡಬೇಕಾಗುತ್ತದೆ ಎಂಬುದನ್ನು ಸಮಾಧಾನದಿಂದ ಹೇಳಿದರು, ಬೇಕಾದರೆ ಪ್ರತ್ಯೇಕ ಕೋಣೆಗೆ ಹೋಗಬಹುದೆಂದೂ ತಿಳಿಸಿದರು. ಅವರ ನಡವಳಿಕೆಯಲ್ಲಿ ತಪ್ಪು ಹುಡುಕಲು ನನ್ನಿಂದಾಗದು. ಅಮ್ಮ ಮಾತ್ರ ಕೇಳುವ ಮೊದಲೇ ರವಿಕೆಯೊಳಗಿನಿಂದ ಕರಿಮಣಿ ಸರವನ್ನು ಹೊರಗೆಳೆದು, ತಪ್ಪೊಪ್ಪಿಕೊಳ್ಳುವವಳಂತೆ ಅಂಗೈಯಲ್ಲಿ ಹಿಡಿದು ತೋರಿಸುತ್ತಿದ್ದಳು. ಆಮೇಲೆ ಬೆಂಚಿನ ಮೇಲೆ ಕುಳಿತು ಚಪ್ಪಲಿ ಹಾಕಿಕೊಳ್ಳುವಾಗ, “ಇಷ್ಟು ದೊಡ್ಡ ಮಷೀನಿಗೆ ನೆರಿಗೆ ಯಾವುದು, ಬಾಂಬು ಯಾವುದು ಅಂತ ಗೊತ್ತಾಗಲ್ವೇನೇ?” ಎಂದಳು. ಬಾಂಬು ಎಂಬ ಶಬ್ದ ಎಲ್ಲ ಭಾಷೆಗಳಲ್ಲೂ ಒಂದೇ ಆದ್ದರಿಂದ ನಾನು ಅವಳ ಕೈ ಹಿಸುಕಿ ಸುಮ್ಮನಾಗಿಸಿದೆ. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು. ಅದನ್ನು ಕೇಳಬೇಕಾದ ಜಾಗವೊಂದಿತ್ತು, ಅಲ್ಲಿ ನಾವು ಯಾರೂ ಕೇಳಲಿಲ್ಲ ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

2009ರ ಕ್ರಿಸ್‌ಮಸ್ ದಿನ ಆಮ್‌ಸ್ಟರ್‌ಡ್ಯಾಮ್‌ನಿಂದ ಡೆಟ್ರಾಯಿಟ್‌ಗೆ ಹೊರಟ ವಿಮಾನದಲ್ಲಿ ಒಬ್ಬಾತ ಒಳಉಡುಪಿನಲ್ಲಿ ಸ್ಫೋಟಕ ಅಡಗಿಸಿಕೊಂಡು ಹೋಗಿದ್ದ. ಲೋಹ ಪತ್ತೆಯ ಚೌಕಟ್ಟಿಗೆ ಅದು ಕಾಣುವಂಥದ್ದಲ್ಲ. ಆ ಘಟನೆಯ ನಂತರ ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆಯಾದ ಟಿಎಸ್‌ಎ, ಬಟ್ಟೆಯೊಳಗಿನ ದೇಹವನ್ನೇ ನೋಡುವ ಸ್ಕ್ಯಾನರುಗಳನ್ನು ಭರದಿಂದ ನಿಲ್ಲಿಸತೊಡಗಿತು. ಆಗಿನ ಯಂತ್ರಗಳಲ್ಲಿ ಈಗಿನ ಗೊಂಬೆಯ ಆಕೃತಿ ಇರಲಿಲ್ಲ. ಬೇರೊಂದು ಕೋಣೆಯಲ್ಲಿ ಕುಳಿತ ಸಿಬ್ಬಂದಿಗೆ ಪ್ರಯಾಣಿಕರ ದೇಹದ ಚಿತ್ರವೇ ಕಾಣುತ್ತಿತ್ತು. ಚಿತ್ರಗಳು ಉಳಿಯುವುದಿಲ್ಲ ಎಂದು ಭರವಸೆ ಕೊಡಲಾಗಿತ್ತಾದರೂ, ಅದೇ ಸುಮಾರಿಗೆ ಫ್ಲಾರಿಡಾದ ಒಂದು ನ್ಯಾಯಾಲಯದ ಬಾಗಿಲಲ್ಲಿದ್ದ ಅಂಥದೇ ಜಾತಿಯ ಯಂತ್ರದಲ್ಲಿ ಮೂವತ್ತೈದು ಸಾವಿರದಷ್ಟು ಚಿತ್ರಗಳು ಉಳಿದಿದ್ದುದು ಬಯಲಾಯಿತು. ಅದು ವಿಮಾನ ನಿಲ್ದಾಣವಲ್ಲ, ನಿಜ. ಆದರೆ ಯಂತ್ರಕ್ಕೆ ಉಳಿಸಿಕೊಳ್ಳುವ ಶಕ್ತಿ ಇದೆ ಎಂದು ಜನರಿಗೆ ತಿಳಿಯಲು ಅಷ್ಟು ಸಾಕಾಯಿತು.

ಸೀರೆಯ ವಿಷಯಕ್ಕೆ ಬಂದರೆ, 2010ರ ಡಿಸೆಂಬರಿನಲ್ಲಿ ಆಗಿನ ಭಾರತದ ರಾಯಭಾರಿ ಮೀರಾ ಶಂಕರ್ ಅವರನ್ನು ಮಿಸಿಸಿಪಿಯ ಜಾಕ್ಸನ್ ವಿಮಾನ ನಿಲ್ದಾಣದಲ್ಲಿ ಸಾಲಿನಿಂದ ಹೊರಗೆ ಕರೆದು ಮೈತಡವಿ ಪರೀಕ್ಷಿಸಿದ್ದು ಹಲವರಿಗೆ ನೆನಪಿರಬಹುದು. ಅವರು ಸೀರೆ ಉಟ್ಟಿದ್ದೇ ಕಾರಣವೆಂದು ಆಗ ವರದಿಯಾಗಿತ್ತು. ವಿದೇಶಾಂಗ ಸಚಿವರಾಗಿದ್ದ ನಮ್ಮ ಎಸ್‌.ಎಂ. ಕೃಷ್ಣ ಅವರು ಇದನ್ನು ಒಪ್ಪಲಾಗದು ಎಂದು ಬಹಿರಂಗವಾಗಿಯೇ ಹೇಳಿದರು. ರಾಯಭಾರಿಗೆ ಸಚಿವರಿದ್ದರು, ದೂತಾವಾಸವಿತ್ತು. ಅಮ್ಮನಂಥವರಿಗೆ ಇರುವುದು ಬೆಂಚಿನ ಮೇಲಿನ ಪಿಸುಮಾತು ಮಾತ್ರ.

ಆದರೆ ಈ ದೇಶದಲ್ಲಿ ಪಿಸುಮಾತನ್ನು ದಾಖಲೆಯಾಗಿಸುವ ಒಂದು ದಾರಿ ಇದೆ. 1946ರ ಒಂದು ಕಾನೂನಿನ ಪ್ರಕಾರ, ಸರ್ಕಾರಿ ಸಂಸ್ಥೆಯೊಂದು ಜನರನ್ನು ಕಟ್ಟಿಹಾಕುವ ನಿಯಮ ಮಾಡುವ ಮೊದಲು ಸಾಮಾನ್ಯವಾಗಿ ಅದರ ಕರಡನ್ನು ಪ್ರಕಟಿಸಿ ಅಭಿಪ್ರಾಯ ಕೇಳಬೇಕು, ಬಂದ ಮುಖ್ಯ ಆಕ್ಷೇಪಗಳಿಗೆ ಉತ್ತರ ಬರೆಯಬೇಕು. ಸ್ಕ್ಯಾನರಿನ ವಿಷಯದಲ್ಲಿ ಟಿಎಸ್‌ಎ ಹಾಗೆ ಕೇಳಲೇ ಇಲ್ಲ. ಖಾಸಗಿತನದ ಪರ ಕೆಲಸ ಮಾಡುವ ಎಪಿಕ್ ಎಂಬ ಸಂಸ್ಥೆ ಮೊಕದ್ದಮೆ ಹೂಡಿತು. 2011ರ ಜುಲೈ 15ರಂದು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ಎರಡು ಕಡೆಗೂ ತೂಗುವಂಥದ್ದು: ಯಂತ್ರ ಸಂವಿಧಾನಕ್ಕೆ ವಿರುದ್ಧವಲ್ಲ, ಅದನ್ನು ನಿಲ್ಲಿಸಬೇಕಾಗಿಲ್ಲ, ಆದರೆ ಪ್ರಯಾಣಿಕರ ಖಾಸಗಿತನವನ್ನು ಇಷ್ಟರ ಮಟ್ಟಿಗೆ ತಟ್ಟುವ ಬದಲಾವಣೆಯನ್ನು ಬರೀ ಒಳಗಿನ ಕಾರ್ಯವಿಧಾನವೆಂದು ಕರೆದು ಜನರನ್ನು ಕೇಳದೆ ಇರುವಂತಿಲ್ಲ, ಬೇಗನೆ ಕೇಳಿ.

ಆ ‘ಬೇಗನೆ’ ಬರಲು ಇಪ್ಪತ್ತು ತಿಂಗಳು ಹಿಡಿಯಿತು. 2013ರ ಮಾರ್ಚ್ 26ರಂದು ಕರಡು ಹೊರಬಿತ್ತು, ತೊಂಬತ್ತು ದಿನದಲ್ಲಿ ಐದು ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು, ಅಂತಿಮ ನಿಯಮ 2016ರ ಮಾರ್ಚ್ 3ರಂದು ಪ್ರಕಟವಾಯಿತು. ಅಷ್ಟೂ ಕಾಲ ಯಂತ್ರ ತಿರುಗುತ್ತಲೇ ಇತ್ತು. ತಾಳಿ ಕಟ್ಟಿದ ಮೇಲೆ ಜಾತಕ ನೋಡಿದ ಹಾಗಾಯಿತು ಎಂದು ನಗುವವರಿಗೆ ನಾನು ಅಡ್ಡ ಬರುವುದಿಲ್ಲ. ಬಂದ ಅಭಿಪ್ರಾಯಗಳಲ್ಲಿ ಬಹುಪಾಲು ವಿರೋಧವೇ ಇದ್ದರೂ ಸ್ಕ್ಯಾನರ್ ಹೋಗಲಿಲ್ಲ. ದೇಹದ ಚಿತ್ರವನ್ನು ಬಿಟ್ಟು ಎಲ್ಲರಿಗೂ ಒಂದೇ ಗೊಂಬೆಯನ್ನು ತೋರಿಸುವ ತಂತ್ರಾಂಶ ಕಡ್ಡಾಯವಾದದ್ದು, ಅದನ್ನು ಅಳವಡಿಸಲಾಗದ ಎಕ್ಸ್‌ರೇ ಮಾದರಿಯ ಯಂತ್ರಗಳು 2013ರಲ್ಲಿ ಮೂಲೆ ಸೇರಿದ್ದು ಸಂಸತ್ತಿನ ಕಾನೂನಿನಿಂದಲೇ ಹೊರತು ಈ ಪತ್ರಗಳಿಂದಲ್ಲ. ಆದರೂ ಕರಡಿನಲ್ಲಿ ತೀರಾ ಮೊಟಕಾಗಿದ್ದ ಪಠ್ಯಕ್ಕೆ ಅಂತಿಮ ನಿಯಮದಲ್ಲಿ ಒಂದು ಮಿತಿ ಸೇರಿತು: ಬಳಸುವ ಸ್ಕ್ಯಾನರಿನಲ್ಲಿ ಗೊಂಬೆ ತೋರಿಸುವ ಆ ತಂತ್ರಾಂಶ ಇರಲೇಬೇಕು. ಸಂಸತ್ತು ಹೇಳಿದ್ದು ಸಂಸ್ಥೆಯ ಸ್ವಂತ ನಿಯಮದಲ್ಲೂ ಅಕ್ಷರವಾಯಿತು. ಇದನ್ನು ಸಣ್ಣದೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಅಭಿಪ್ರಾಯ ಎಂದರೆ ಮತದಾನವಲ್ಲ. “ಇದನ್ನು ವಿರೋಧಿಸುತ್ತೇನೆ” ಎಂಬ ಸಾವಿರ ಸಾಲುಗಳನ್ನು ಸಂಸ್ಥೆ ಒಂದೇ ವಾಕ್ಯದಲ್ಲಿ ಮುಗಿಸಿಬಿಡಬಹುದು. ಆದರೆ ಆರು ಗಜದ ಬಟ್ಟೆ ಸೊಂಟದ ಮುಂದೆ ಏಳೆಂಟು ಪದರವಾಗಿ ನಿಲ್ಲುತ್ತದೆ, ಯಂತ್ರ ಅದನ್ನು ಅನುಮಾನದ ವಸ್ತುವೆಂದು ಗುರುತಿಸಬಹುದು, ಅದರಿಂದಾಗಿ ಸೀರೆ ಉಟ್ಟವಳನ್ನು ಹೊಟ್ಟೆಯ ಕೆಳಗೆ ಕೈಯಿಟ್ಟು ಪರೀಕ್ಷಿಸಬೇಕಾಗುತ್ತದೆ, ಮಾಂಗಲ್ಯ ತೆಗೆದು ಟ್ರೇಯಲ್ಲಿಡುವುದು ಆಕೆಗೆ ಬರೀ ಒಡವೆ ಕಳಚುವ ಮಾತಲ್ಲ ಎಂದು ಒಬ್ಬಳು ಬರೆದರೆ, ಅದಕ್ಕೆ ಬೇರೆಯೇ ಉತ್ತರ ಕೊಡಬೇಕಾಗುತ್ತದೆ, ಕೊಡದಿದ್ದರೆ ನ್ಯಾಯಾಲಯದಲ್ಲಿ ಆ ಮೌನವೇ ಸಂಸ್ಥೆಗೆ ತೊಡಕಾಗಬಹುದು. ಈ ವಿವರ ಗೊತ್ತಿರುವವರು ನಾವು. ಯಂತ್ರ ತಯಾರಿಸಿದ ಎಂಜಿನಿಯರನಿಗೆ ನೆರಿಗೆ ಹಿಡಿದು ಗೊತ್ತಿಲ್ಲ.

ಇಲ್ಲಿ ಮತ ಹಾಕುವ ಹಕ್ಕಿಲ್ಲದವರೂ, ವೀಸಾದಲ್ಲಿರುವವರೂ ಹೀಗೆ ಬರೆಯಬಹುದು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದೇ ಇಲ್ಲ. 2020ರ ನವೆಂಬರ್ 19ರಂದು ಇದಕ್ಕಿಂತ ನಮ್ಮನ್ನು ಹತ್ತಿರದಿಂದ ತಟ್ಟುವ ಕರಡೊಂದು ಬಂದಿತ್ತು: ಅಮೆರಿಕಕ್ಕೆ ಬರುವಾಗಲೂ ಹೊರಡುವಾಗಲೂ ಪೌರರಲ್ಲದ ಎಲ್ಲರ ಮುಖಚಿತ್ರ ತೆಗೆಯುವುದು. 14 ವರ್ಷದೊಳಗಿನ ಮಕ್ಕಳಿಗೂ 79 ದಾಟಿದ ಹಿರಿಯರಿಗೂ ಇದ್ದ ವಿನಾಯಿತಿ ಇದರಲ್ಲಿ ರದ್ದಾಗುತ್ತಿತ್ತು. ಪೌರರ ಚಿತ್ರವನ್ನು ಹನ್ನೆರಡು ಗಂಟೆಯೊಳಗೆ ಅಳಿಸುತ್ತಾರೆ, ನಮ್ಮಂಥವರದು 75 ವರ್ಷದವರೆಗೆ ಕಡತದಲ್ಲಿರಬಹುದು. ಅಭಿಪ್ರಾಯಕ್ಕೆ ಮೂವತ್ತು ದಿನ, ಮತ್ತೆ 2021ರ ಫೆಬ್ರವರಿಯಲ್ಲಿ ಇನ್ನೂ ಮೂವತ್ತು ದಿನ ಕೊಟ್ಟರು. ಬಂದ ಪತ್ರಗಳು ಕೆಲವು ನೂರನ್ನು ದಾಟಲಿಲ್ಲ. ನಾನೂ ಬರೆಯಲಿಲ್ಲ. ಆ ದಿನಗಳಲ್ಲಿ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಯುಗಾದಿಯ ಆನ್‌ಲೈನ್ ಕಾರ್ಯಕ್ರಮ ಎಷ್ಟು ಹೊತ್ತಿಗೆ ಆರಂಭಿಸಬೇಕು ಎಂಬುದಕ್ಕೆ ನಾನು ಮೂರು ದಿನ ವಾದ ಮಾಡಿದ್ದೆ. ಆ ನಿಯಮ 2025ರ ಡಿಸೆಂಬರ್ 26ರಿಂದ ಜಾರಿಗೆ ಬಂದಿದೆ.

ಬೆಂಗಳೂರಿನ ಕಥೆ ಇದಕ್ಕಿಂತ ಚಿಕ್ಕದು. 2022ರ ಡಿಸೆಂಬರ್ 1ರಂದು ದೆಹಲಿ, ವಾರಾಣಸಿಗಳ ಜೊತೆಗೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಮುಖ ತೋರಿಸಿ ಒಳಹೋಗುವ ಡಿಜಿ ಯಾತ್ರಾ ಶುರುವಾಯಿತು. ಅದು ಐಚ್ಛಿಕ, ವಿಮಾನ ಹೊರಟ 24 ಗಂಟೆಯೊಳಗೆ ನಿಲ್ದಾಣದವರು ಮಾಹಿತಿ ಅಳಿಸುತ್ತಾರೆ ಎನ್ನುತ್ತದೆ ನೀತಿ. ತಮ್ಮನ್ನು ಸರಿಯಾಗಿ ಕೇಳದೆಯೇ ಬಾಗಿಲಲ್ಲಿ ಮುಖಚಿತ್ರ ತೆಗೆದುಕೊಂಡರೆಂದು ಪ್ರಯಾಣಿಕರು ದೂರಿದ್ದೂ ಉಂಟು. ಅಮೆರಿಕದಂತೆ ಕೇಳಲೇಬೇಕೆಂದು ಕಟ್ಟಿಹಾಕುವ ಕಾನೂನು ನಮ್ಮಲ್ಲಿಲ್ಲ. 2014ರ ಪೂರ್ವಸಮಾಲೋಚನಾ ನೀತಿ ಕರಡನ್ನು ಕನಿಷ್ಠ ಮೂವತ್ತು ದಿನ ಜನರ ಮುಂದಿಡಿ ಎನ್ನುತ್ತದೆ, ಆದರೆ ಅದು ನೀತಿ ಮಾತ್ರ. 2025ರ ಜನವರಿಯಲ್ಲಿ ದತ್ತಾಂಶ ರಕ್ಷಣೆಯ ಕರಡು ನಿಯಮಗಳಿಗೆ ಅಭಿಪ್ರಾಯ ಕೇಳಿದಾಗಲೂ, ಬಂದ ಪತ್ರಗಳನ್ನು ಬಹಿರಂಗಪಡಿಸುವುದಿಲ್ಲವೆಂದು ಮೊದಲೇ ಹೇಳಿಬಿಟ್ಟರು. ಯಾರು ಏನು ಕೇಳಿದರು, ಯಾವುದಕ್ಕೆ ಉತ್ತರ ಸಿಗಲಿಲ್ಲ ಎಂದು ನೋಡುವಂತಿಲ್ಲದ ಮೇಲೆ, ಅದು ಹುಂಡಿಗೆ ಚೀಟಿ ಹಾಕಿದ ಹಾಗೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಿಂದ ಹೇಳಿಸಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್‌. ಪುಟ್ಟಸ್ವಾಮಿಯವರು ಎಂಬತ್ತಾರನೆಯ ವಯಸ್ಸಿನಲ್ಲಿ ಹಾಕಿದ ಅರ್ಜಿ. ಅವರ ಊರಿನ ವಿಮಾನ ನಿಲ್ದಾಣದಲ್ಲಿ ಈ ಪ್ರಶ್ನೆ ಜೋರಾಗಿ ಏಳಬೇಕಿತ್ತು.

ಭದ್ರತೆ ಬೇಡವೆಂದು ನಾನು ಹೇಳುತ್ತಿಲ್ಲ. ಅಮ್ಮನೂ ಹೇಳಲಿಲ್ಲ. ಅವಳಿಗೆ ಬೇಸರವಾದದ್ದು ಮುಟ್ಟಿದ್ದಕ್ಕಲ್ಲ, ಹೀಗಾಗುತ್ತದೆಂದು ಮೊದಲೇ ಯಾರೂ, ನಾನೂ ಸೇರಿದಂತೆ, ಹೇಳಿರಲಿಲ್ಲ ಎಂಬುದಕ್ಕೆ.

ಊರಿಗೆ ಮರಳುವ ಹಿಂದಿನ ರಾತ್ರಿ ಅವಳು ಸೆರಗಿನ ಪಿನ್ನು ಬಿಚ್ಚಿಟ್ಟು, ಭುಜದ ಹತ್ತಿರ ಸೂಜಿದಾರದಿಂದ ಎರಡು ಹೊಲಿಗೆ ಹಾಕಲು ಗುರುತು ಮಾಡಿಕೊಂಡಳು. ತುರುಬಿನ ಬದಲು ಸಡಿಲವಾದ ಜಡೆ. ನೆರಿಗೆಗೆ ಏನು ಮಾಡುವುದೆಂದು ಇಬ್ಬರಿಗೂ ತೋಚಲಿಲ್ಲ. ನಾನು ಪಕ್ಕದಲ್ಲಿ ಕುಳಿತು, ಮುಂದೆ ಯಾವಾಗಲಾದರೂ ಕರಡು ಹೊರಬಿದ್ದರೆ ಬರೆಯಲೆಂದು, ಹಳದಿ ಚೌಕಗಳು ಎಲ್ಲೆಲ್ಲಿದ್ದವು ಎಂಬುದನ್ನು ಫೋನಿನಲ್ಲಿ ಗುರುತು ಹಾಕಿಕೊಂಡೆ.