ಕಂಪನಿ ಬದಲಾಗಿದೆ, ದಯವಿಟ್ಟು ಲೈನ್‌ನಲ್ಲೇ ಇರಿ

ಇಂಟರ್ನೆಟ್ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡುಕೊಂಡಾಗ ಮೊದಲು ಬರುವುದು ಒಂದು ಪತ್ರ. "ಪ್ರಿಯ ಗ್ರಾಹಕರೇ, ನಿಮಗೊಂದು ಸಂತಸದ ಸುದ್ದಿ" ಅಂತ ಶುರುವಾಗುತ್ತದೆ. ನಾವು ಇನ್ನು ಮುಂದೆ ಒಂದು ದೊಡ್ಡ ಕುಟುಂಬದ ಸದಸ್ಯರಂತೆ. ಸೇವೆ ಇನ್ನಷ್ಟು ಚೆನ್ನಾಗಿ ಆಗಲಿದೆಯಂತೆ. ಕೊನೆಗೆ "ನೀವು ಏನೂ ಮಾಡಬೇಕಾಗಿಲ್ಲ" ಎಂಬ ಅಭಯ. ಪತ್ರದಲ್ಲಿ ಈ ಒಂದು ಸಾಲು ಮಾತ್ರ ನೂರಕ್ಕೆ ನೂರು ನಿಜ. ಏನು ಮಾಡಿದರೂ ಏನೂ ಆಗುವುದಿಲ್ಲ.

ಅಷ್ಟಕ್ಕೂ ಅವರು ಕೊಂಡಿದ್ದೇನು? ಬೀದಿಯ ಕೇಬಲ್ ಅದೇ. ಗೋಡೆಗೆ ಬಡಿದ ಡಬ್ಬಿ ಅದೇ. ರಿಪೇರಿಗೆ ಬರುವ ಹುಡುಗನೂ ಅವನೇ, ಟೀ ಶರ್ಟ್ ಬಣ್ಣ ಮಾತ್ರ ಬೇರೆ. ಅಷ್ಟೊಂದು ದುಡ್ಡು ಸುರಿದು ಕೊಂಡಿದ್ದು ನಮ್ಮನ್ನು. ಇಂಥ ವ್ಯವಹಾರಗಳಲ್ಲಿ ತಲೆಗೆ ಇಷ್ಟು ಅಂತ ಲೆಕ್ಕ ಹಾಕುವುದುಂಟು. ಒಬ್ಬ ಗ್ರಾಹಕ ತಿಂಗಳಿಗೆ ಎಷ್ಟು ಕಟ್ಟುತ್ತಾನೆ, ಎಷ್ಟು ಕಾಲ ಬಿಟ್ಟು ಹೋಗದೆ ಇರುತ್ತಾನೆ ಅನ್ನೋದೇ ಮುಖ್ಯ. ಬೈದುಕೊಂಡಾದರೂ ಸುಮ್ನೆ ಕಟ್ಟುತ್ತಾ ಕೂರುವವರಿಗೆ ಬೆಲೆ ಜಾಸ್ತಿ. ನಮ್ಮ ಸೋಮಾರಿತನಕ್ಕೂ ಮಾರುಕಟ್ಟೆಯಲ್ಲಿ ರೇಟು ಇದೆ ಅಂತ ತಿಳಿದು ನನಗೆ ಒಂಥರಾ ಹೆಮ್ಮೆಯೇ ಆಯಿತು.

ಹಾಗೆ ಗ್ರಾಹಕರನ್ನು ತಗೊಂಡರು, ಅವರ ಬಾಕಿಯನ್ನೂ ತಗೊಂಡರು. ದೂರುಗಳನ್ನು ಬಿಟ್ಟು ಬಂದರು. ಬಾಡಿಗೆ ಮನೆಗೆ ಹೊಸ ಮಾಲೀಕ ಬಂದು "ಬಾಡಿಗೆ ನನಗೆ ಕೊಡಿ, ಸೋರುವ ನಲ್ಲಿ ವಿಚಾರ ಹಳಬರ ಹತ್ತಿರ ಮಾತಾಡಿ" ಅಂದ ಹಾಗೆ. ಹಳಬರ ನಂಬರಿಗೆ ಫೋನ್ ಮಾಡಿ ನೋಡಿ. ಹೊಸಬರ ಸಂಗೀತ ಕೇಳಿಸುತ್ತದೆ.

ಮೊದಲ ಪರೀಕ್ಷೆ ಲಾಗಿನ್. ಹಳೆ ವೆಬ್‌ಸೈಟ್‌ಗೆ ಹೋದರೆ ಅದು ಹೊಸದಕ್ಕೆ ದಬ್ಬುತ್ತದೆ. ಹೊಸದು ಹತ್ತು ಅಂಕಿಯ ಗ್ರಾಹಕ ಸಂಖ್ಯೆ ಕೇಳುತ್ತದೆ. ನಮ್ಮ ಹತ್ತಿರ ಇರುವುದು ಎಂಟು. ಮುಂದೆ ಎರಡು ಸೊನ್ನೆ ಹಾಕಿದರೆ "ಇಂಥ ಗ್ರಾಹಕರು ಇಲ್ಲ". ಹಿಂದೆ ಹಾಕಿದರೆ ಯಾರದೋ ಹೆಸರು ಹಿಡಿದು "ಸ್ವಾಗತ, ಪಾಸ್‌ವರ್ಡ್ ಮರೆತಿರಾ?" ಅಂತ ಪ್ರೀತಿಯಿಂದ ವಿಚಾರಿಸುತ್ತದೆ. ಹೊಸ ಸಂಖ್ಯೆ ಎಲ್ಲಿದೆ? ಬಿಲ್ ಮೇಲೆ. ಬಿಲ್ ಎಲ್ಲಿದೆ? ಲಾಗಿನ್ ಆದರೆ ಕಾಣುತ್ತದೆ. ಸರಿ, ಒಟಿಪಿ ಆದರೂ ಕಳಿಸಿ ಅಂದರೆ ಕಳಿಸುತ್ತಾರೆ, ಹಳೆ ಕಂಪನಿ ಕೊಟ್ಟಿದ್ದ ಇಮೇಲ್ ವಿಳಾಸಕ್ಕೆ. ಆ ಇಮೇಲನ್ನು ಹೊಸ ಕಂಪನಿ ಆಗಲೇ ಮುಚ್ಚಿ ಆಗಿದೆ. ಮುಚ್ಚಿದ್ದೇವೆ ಅನ್ನೋ ಸೂಚನೆಯನ್ನೂ ಅದೇ ಇಮೇಲಿಗೆ ಕಳಿಸಿದ್ದರು.

ಇಷ್ಟರಲ್ಲಿ ನೆಟ್ ಹೋಗುತ್ತದೆ. ಫೈಬರ್ ಡಬ್ಬಿಯ ಮೇಲೆ ಎಲ್‌ಒಎಸ್ ಅನ್ನೋ ಸಣ್ಣ ದೀಪ ಇರುತ್ತದೆ, ಗಮನಿಸಿರಬಹುದು. ಅದು ಕೆಂಪಗೆ ಮಿನುಗಿದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಫೈಬರ್ ಎಲ್ಲೋ ತುಂಡಾಗಿದೆ, ಜಾಸ್ತಿ ಬಾಗಿದೆ, ಇಲ್ಲಾ ಕನೆಕ್ಟರ್ ಕಳಚಿದೆ. ಕೆಂಪು ದೀಪ ಇಲ್ಲದೆಯೂ ನೆಟ್ ಬಾರದಿದ್ದರೆ ಅದು ಬೇರೆ ಕಥೆ. ಖಾತೆಗಳನ್ನು ಹಳೆ ಸರ್ವರ್‌ನಿಂದ ಹೊಸದಕ್ಕೆ ಸಾಗಿಸುವಾಗ ನಮ್ಮ ಯೂಸರ್‌ನೇಮ್ ದಾರಿಯಲ್ಲಿ ಬಿದ್ದುಹೋಗಿರಬಹುದು. ಎರಡು ರೋಗ, ಎರಡು ಚಿಕಿತ್ಸೆ. ಕಸ್ಟಮರ್ ಕೇರ್‌ನಲ್ಲಿ ಮಾತ್ರ ಮದ್ದು ಒಂದೇ.

"ಸರ್, ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?"

"ಮಾಡಿದೆ. ಕೆಂಪು ದೀಪ ಹಾಗೇ ಇದೆ."

"ಓಕೆ ಸರ್. ನಮ್ಮ ಸಿಸ್ಟಮ್‌ನಲ್ಲಿ ನಿಮ್ಮ ಹೆಸರಲ್ಲಿ ಕನೆಕ್ಷನ್ನೇ ತೋರಿಸ್ತಿಲ್ಲ."

"ಮತ್ತೆ ಆಫ್ ಮಾಡಿ ಅಂದಿದ್ದು ಯಾವುದನ್ನ?"

"ಅದು ಪ್ರೊಸೀಜರ್ ಸರ್."

"ಕನೆಕ್ಷನ್ ಇಲ್ಲ ಅಂದ್ಮೇಲೆ ಬಾಕಿ ಕಟ್ಟಿ ಅಂತ ಎಸ್ಸೆಮ್ಮೆಸ್ ಯಾಕೆ ಬಂತು?"

"ಹೌದು ಸರ್, ಬಾಕಿ ತೋರಿಸ್ತಿದೆ. ಈಗ್ಲೇ ಕಟ್ತೀರಾ?"

ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಬಿಲ್ಲಿನ ಲೆಕ್ಕ ಒಂದು ಸಿಸ್ಟಮ್‌ನಲ್ಲಿ, ಲೈನಿನ ವಿವರ ಇನ್ನೊಂದರಲ್ಲಿ. ಎರಡೂ ಇನ್ನೂ ಒಬ್ಬರನ್ನೊಬ್ಬರು ಮಾತಾಡಿಸಿಲ್ಲ. ಮೊದಲು ಯಾವುದನ್ನು ಸಾಗಿಸಬೇಕು ಅಂತ ಮೀಟಿಂಗ್ ಆಗಿರುತ್ತದಲ್ಲ, ಅಲ್ಲಿ ಲೈನಿನ ಪರವಾಗಿ ಯಾರೂ ಕೈ ಎತ್ತಿರಲಿಕ್ಕಿಲ್ಲ.

ಕೊನೆಗೂ ದೂರು ದಾಖಲಾಯಿತು ಅಂತಿಟ್ಟುಕೊಳ್ಳಿ. ಹೊಸ ಸಿಸ್ಟಮ್‌ನಲ್ಲಿ ವಿಳಾಸ ಬರೆಯಲು ಜಾಗ ಕಡಿಮೆ. ಹಳೆಯದರಲ್ಲಿ ಉದ್ದವಾಗಿದ್ದ ವಿಳಾಸ ಅರ್ಧಕ್ಕೆ ಕತ್ತರಿಸಿ ಹೋಗಿ ರಸ್ತೆಯ ಹೆಸರು ಉಳಿದಿದೆ, ಮನೆ ನಂಬರ್ ಹಾರಿಹೋಗಿದೆ. ಬಾಕಿಯ ಎಸ್ಸೆಮ್ಮೆಸ್‌ಗೆ ಮನೆ ನಂಬರ್ ಬೇಡ, ಅದು ಸಲೀಸಾಗಿ ಬರುತ್ತದೆ. ರಿಪೇರಿಯವನಿಗೆ ಬೇಕು, ಅವನು ಬರುವುದಿಲ್ಲ. ಸಂಜೆ ಹೊತ್ತಿಗೆ "ಗ್ರಾಹಕರು ಮನೆಯಲ್ಲಿ ಇರಲಿಲ್ಲ, ದೂರು ಪರಿಹರಿಸಲಾಗಿದೆ" ಅಂತ ಸಂದೇಶ. ಕೆಳಗೆ ಐದು ಸ್ಟಾರ್ ಕೊಡಲು ಒಂದು ಲಿಂಕ್. ಒತ್ತಿದರೆ "ನಿಮ್ಮ ಇಂಟರ್ನೆಟ್ ಸಂಪರ್ಕ ಪರಿಶೀಲಿಸಿ" ಅನ್ನುತ್ತದೆ.

ಇದು ನಿಮ್ಮ ನಮ್ಮ ಹಣೆಬರಹ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ದೊಡ್ಡ ಟೆಲಿಕಾಂ ಕಂಪನಿ ವೆರಿಝೋನ್ 2008ರಲ್ಲಿ ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ರಾಜ್ಯಗಳ ಲೈನುಗಳನ್ನು ಫೇರ್‌ಪಾಯಿಂಟ್ ಎಂಬ ಚಿಕ್ಕ ಕಂಪನಿಗೆ ಮಾರಿತು. 2009ರ ಶುರುವಿನಲ್ಲಿ ಎಲ್ಲವನ್ನೂ ಹೊಸ ಕಂಪ್ಯೂಟರ್‌ಗಳಿಗೆ ಸಾಗಿಸಿದರು. ಆರ್ಡರ್, ಬಿಲ್ಲು, ಕಸ್ಟಮರ್ ಕೇರ್ ಎಲ್ಲಾ ಗೋಜಲಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ವೆರಿಝೋನ್‌ನವರು ಪಾಠ ಕಲಿತರಾ? ಕಲಿತರು, ಆಮೇಲೆ ಇನ್ನೂ ದೊಡ್ಡದಾಗಿ ಮಾರಿದರು. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಫ್ಲೋರಿಡಾದ ಲೈನುಗಳನ್ನು ಫ್ರಾಂಟಿಯರ್ ಕಂಪನಿ ಸಾವಿರ ಕೋಟಿ ಡಾಲರ್‌ಗೂ ಮೀರಿದ ಬೆಲೆಗೆ ಕೊಂಡಿತು. ಹಸ್ತಾಂತರದ ದಿನ 2016ರ ಏಪ್ರಿಲ್ 1. ತಾರೀಖು ನಾನು ಹುಟ್ಟಿಸಿದ್ದಲ್ಲ. ಅಲ್ಲಿಂದ ಶುರುವಾಗಿ ಎಷ್ಟೋ ಜನರ ಫೋನು, ಇಂಟರ್ನೆಟ್ಟು ಸತ್ತು ಬಿದ್ದವು. ದೂರು ಎಷ್ಟಾಯಿತೆಂದರೆ ಕ್ಯಾಲಿಫೋರ್ನಿಯಾದ ಶಾಸಕರು ಕಂಪನಿಯವರನ್ನು ಕರೆಸಿ ವಿಚಾರಣೆ ಮಾಡಿದರು. 2020ರ ಏಪ್ರಿಲ್‌ನಲ್ಲಿ ಫ್ರಾಂಟಿಯರ್ ಕೂಡ ದಿವಾಳಿ ಅರ್ಜಿ ಹಾಕಿತು. ಆಮೇಲೆ ಚೇತರಿಸಿಕೊಂಡಿತು ಅನ್ನಿ. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಕೊಳ್ಳುತ್ತೇವೆ ಅಂತ ಒಂದು ಕಂಪನಿ ಘೋಷಿಸಿತು. ಯಾವುದು ಹೇಳಿ? ವೆರಿಝೋನ್. ತಾನೇ ಮಾರಿದ್ದನ್ನು ತಾನೇ ಕೊಳ್ಳಲು ಎರಡು ಸಾವಿರ ಕೋಟಿ ಡಾಲರ್, ಸಾಲವೂ ಸೇರಿ. ನಡುವೆ ಫ್ರಾಂಟಿಯರ್ ಹೊಸ ಫೈಬರ್ ಎಳೆದಿತ್ತು, ಇನ್ನೂ ಬೇರೆ ರಾಜ್ಯಗಳ ಲೈನುಗಳೂ ಅದರ ಹತ್ತಿರ ಇದ್ದವು, ಅದನ್ನು ಒಪ್ಪೋಣ. ಆದರೂ ಆ ಮೂರು ರಾಜ್ಯಗಳಲ್ಲಿ ಕೂತ ಕುರ್ಚಿಯಿಂದ ಏಳದೆ ಎರಡು ಸಲ ವಲಸೆ ಹೋದ ಗ್ರಾಹಕನಿಗೆ "ದೊಡ್ಡ ಕುಟುಂಬಕ್ಕೆ ಸ್ವಾಗತ" ಪತ್ರವೂ ಎರಡು ಸಲ.

ಬ್ರಿಟನ್ನಿನದು ಇನ್ನೂ ರುಚಿಯಾಗಿದೆ. ಅಲ್ಲಿ 2009ರಲ್ಲಿ ಟಿಸ್ಕಾಲಿ ಎಂಬ ಇಂಟರ್ನೆಟ್ ಕಂಪನಿಯ ಬ್ರಿಟಿಷ್ ವ್ಯವಹಾರ ಟಾಕ್‌ಟಾಕ್ ಎಂಬ ಇನ್ನೊಂದು ಕಂಪನಿಯ ತೆಕ್ಕೆಗೆ ಬಂತು. ಆಮೇಲೆ 60 ಸಾವಿರಕ್ಕೂ ಹೆಚ್ಚು ಜನರಿಗೆ, ಕೊಡದೇ ಇದ್ದ ಸೇವೆಗೆ ಬಿಲ್ ಹೋಯಿತು. ಕನೆಕ್ಷನ್ ಬೇಡ ಅಂತ ರದ್ದು ಮಾಡಿಸಿಕೊಂಡವರಿಗೂ ಬಿಲ್ ಬಂತು. ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2011ರಲ್ಲಿ ಎರಡೂ ಕಂಪನಿಗಳಿಗೆ ಸೇರಿ 30 ಲಕ್ಷ ಪೌಂಡ್ ದಂಡ ಹಾಕಿತು. ನೆಟ್ ಬಿಟ್ಟವರೂ ಬಿಲ್ಲಿನ ಬಲೆಯಲ್ಲೇ ಇದ್ದರು.

ಹಾಗಂತ ಬಿಡುವುದೇ ಬೇಡ ಅಂತಲ್ಲ. ಒಂದು ಸಲ ಬಿಡುತ್ತೇನೆ ಅಂತ ಫೋನ್ ಮಾಡಿ ನೋಡಲೇಬೇಕು. "ಸಂಪರ್ಕ ಕಡಿತಕ್ಕೆ ಒಂಬತ್ತು ಒತ್ತಿ" ಅಂದ ಕೂಡಲೇ ಸಂಗೀತ ನಿಲ್ಲುತ್ತದೆ. ಒಂದೇ ರಿಂಗಿಗೆ ಮನುಷ್ಯರ ದನಿ. ನಮ್ಮ ಪೂರ್ತಿ ಹೆಸರು, ಪೂರ್ತಿ ವಿಳಾಸ, ಮನೆ ನಂಬರ್ ಸಮೇತ ಅವರ ಮುಂದಿದೆ! ಕಂಪನಿ ಬಂದದ್ದು ಮೊನ್ನೆ ಮೊನ್ನೆ, ಆದರೂ ಆಕೆ "ಎಷ್ಟೋ ವರ್ಷದಿಂದ ನಮ್ಮ ಜೊತೆ ಇದ್ದೀರಿ ಸರ್" ಅಂತ ಗದ್ಗದಿತರಾಗುತ್ತಾರೆ.

"ನಿಮ್ಮಂಥ ಹಳೆ ಗ್ರಾಹಕರಿಗೆ ಅಂತಲೇ ಒಂದು ಆಫರ್ ಇದೆ ಸರ್. ಮೂರು ತಿಂಗಳು ಅರ್ಧ ರೇಟು, ಸ್ಪೀಡ್ ಡಬಲ್."

"ಮೇಡಂ, ಈಗ ಸ್ಪೀಡ್ ಸೊನ್ನೆ ಇದೆ."

"ಅದೇ ಸರ್, ಅದನ್ನೇ ಡಬಲ್ ಮಾಡಿಕೊಡ್ತೀವಿ. ಆಫರ್ ಇವತ್ತು ರಾತ್ರಿವರೆಗೆ ಮಾತ್ರ, ಹಾಕಿಬಿಡ್ಲಾ?"